ಮಕ್ಕಳ ಮಾಸ್ಕು, ಮುಚ್ಚಿದ ಕಿಟಕಿ

ಬೇಸಿಗೆ ಶಿಬಿರ ಮುಗಿಸಿ ಬಂದ ಮಗುವಿಗೆ ಎರಡು ದಿನ ಗಂಟಲು ಕಟ್ಟಿರುವುದು ವಾಡಿಕೆ. ಅಲ್ಲಿ ಅಷ್ಟು ಹಾಡು, ಅಷ್ಟು ಕೂಗಾಟ. ನಮ್ಮ ಊರುಗಳ ಏಪ್ರಿಲ್-ಮೇ ಶಿಬಿರಗಳು ಹೆಚ್ಚಾಗಿ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವಂಥವು. ಅಮೆರಿಕದಲ್ಲಿ ಕಾಡಿನಂಚಿನಲ್ಲೋ ಕೆರೆಯ ದಡದಲ್ಲೋ ಮರದ ಮನೆಗಳನ್ನು ಕಟ್ಟಿ, ಮಕ್ಕಳನ್ನು ವಾರಗಟ್ಟಲೆ ಅಲ್ಲಿಯೇ ಉಳಿಸಿಕೊಳ್ಳುವ ಪದ್ಧತಿಯೂ ಉಂಟು.

ಕೊರೋನಾ ಬಂದ 2020ರ ಬೇಸಿಗೆಯಲ್ಲಿ ನಮ್ಮ ಮಕ್ಕಳು ಲಾಕ್‌ಡೌನ್‌ನಿಂದಾಗಿ ಮನೆಯಲ್ಲೇ ಕುಳಿತರು. ಅಮೆರಿಕದ ಕೆಲವು ರಾಜ್ಯಗಳು ಮಾತ್ರ ಜೂನ್ ಹೊತ್ತಿಗೆ ವಸತಿ ಶಿಬಿರಗಳಿಗೆ ಅನುಮತಿ ಕೊಟ್ಟವು. ಮಕ್ಕಳಿಗೂ ಮಾಸ್ಕ್ ಬೇಕೇ ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ಈ ರೋಗ ಮಕ್ಕಳನ್ನು ಅಷ್ಟಾಗಿ ತಟ್ಟುವುದಿಲ್ಲ, ಅವರಿಂದ ಅಷ್ಟಾಗಿ ಹರಡುವುದೂ ಇಲ್ಲ ಎಂದು ಆಗ ಬಹಳ ಜನ ನಂಬಿದ್ದರು.

ಜಾರ್ಜಿಯಾ ರಾಜ್ಯದ ಒಂದು ಶಿಬಿರದ ಕತೆ ಕೇಳಿ. ಬರುವವರೆಲ್ಲ ರೋಗವಿಲ್ಲವೆಂಬ ಪರೀಕ್ಷೆಯ ಚೀಟಿ ತರಬೇಕಿತ್ತು. ಆದರೆ ಆ ಚೀಟಿ ಹನ್ನೆರಡು ದಿನ ಹಳೆಯದಾದರೂ ನಡೆಯುತ್ತಿತ್ತು. ಸಿಬ್ಬಂದಿಗೆ ಬಟ್ಟೆಯ ಮಾಸ್ಕ್ ಕಡ್ಡಾಯ, ಮಕ್ಕಳಿಗೆ ಇಲ್ಲ. ಕಿಟಕಿ ಬಾಗಿಲು ತೆರೆದಿಡಿ ಎಂಬ ಸಲಹೆಯನ್ನೂ ಪಾಲಿಸಲಿಲ್ಲ. ಒಂದೊಂದು ಮನೆಯಲ್ಲಿ 26 ಜನರವರೆಗೆ ಮಲಗುತ್ತಿದ್ದರು. ಹಗಲೆಲ್ಲ ಗಂಟಲು ಬಿಚ್ಚಿ ಹಾಡು, ಘೋಷಣೆ.

ಜೂನ್ 21ಕ್ಕೆ ಮಕ್ಕಳು ಬಂದರು. ಮರುದಿನ ಸಂಜೆ ಸಿಬ್ಬಂದಿಯಲ್ಲೊಬ್ಬ ಹದಿಹರೆಯದವರಿಗೆ ಚಳಿ ಹಿಡಿಯಿತು. 24ರಂದು ಅವರಿಗೆ ರೋಗವಿದೆಯೆಂದು ತಿಳಿಯಿತು, ಅಂದೇ ಮಕ್ಕಳನ್ನು ಮನೆಗೆ ಕಳಿಸಲು ಶುರುಮಾಡಿದರು, 27ಕ್ಕೆ ಶಿಬಿರ ಮುಚ್ಚಿತು. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಆ ರಾಜ್ಯದಿಂದ ಬಂದಿದ್ದ 597 ಜನರ ಪೈಕಿ 344 ಮಂದಿಯ ಪರೀಕ್ಷಾ ಫಲಿತಾಂಶ ಸಿಕ್ಕಿತು. ಅವರಲ್ಲಿ 260 ಮಂದಿಗೆ ಸೋಂಕು. ಆರರಿಂದ ಹತ್ತು ವರ್ಷದ ಪುಟಾಣಿಗಳಲ್ಲೇ ಅರ್ಧದಷ್ಟು ಮಕ್ಕಳಿಗೆ ತಗುಲಿತ್ತು. ಲಕ್ಷಣಗಳ ವಿವರ ದೊರೆತ 136 ಸೋಂಕಿತರಲ್ಲಿ 36 ಮಂದಿಗೆ ಕೆಮ್ಮು, ಜ್ವರ ಏನೂ ಇರಲಿಲ್ಲ. ಹುಷಾರಿಲ್ಲದ ಮಗುವನ್ನು ಗುರುತಿಸಿ ಬೇರೆ ಮಲಗಿಸಿದರಾಯಿತು ಎಂಬ ಲೆಕ್ಕಾಚಾರ ಕೆಡುವುದು ಇಲ್ಲಿಯೇ. ಮಾಸ್ಕ್ ತೊಟ್ಟ ಸಿಬ್ಬಂದಿಯೂ ಪಾರಾಗಲಿಲ್ಲವೆಂಬುದನ್ನು ಗಮನಿಸಬೇಕು. ಕೋಣೆಯಲ್ಲಿ ಮುಕ್ಕಾಲು ಜನ ಬರಿಮುಖದಲ್ಲಿ ಹಾಡುತ್ತಿದ್ದರೆ ಕಾಲು ಭಾಗದವರ ಬಟ್ಟೆ ಎಷ್ಟೆಂದು ತಡೆದೀತು?

ಅದೇ ಬೇಸಿಗೆಯಲ್ಲಿ, ಅದೇ ದೇಶದ ಮೇನ್ ರಾಜ್ಯದಲ್ಲಿ ನಾಲ್ಕು ವಸತಿ ಶಿಬಿರಗಳು ನಡೆದವು. 41 ರಾಜ್ಯಗಳಿಂದಲೂ ಹೊರದೇಶಗಳಿಂದಲೂ ಬಂದ ಮಕ್ಕಳು ಹಾಗೂ ಸಿಬ್ಬಂದಿ ಸೇರಿ 1,022 ಜನ. ಹೊರಡುವ ಮುನ್ನ ಹತ್ತು ಹದಿನಾಲ್ಕು ದಿನ ಮನೆಯಲ್ಲೇ ಇರಬೇಕು, ಹೊರಡಲು ವಾರವಿರುವಾಗ ಒಂದು ಪರೀಕ್ಷೆ, ಬಂದ ಮೇಲೆ ಇನ್ನೊಂದು. ಆಮೇಲೆ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿದರು. ನಿಮ್ಮ ಗುಂಪೇ ನಿಮ್ಮ ಮನೆಮಂದಿ. ಅದರೊಳಗೆ ಮುಖ ಮುಚ್ಚಬೇಕಿಲ್ಲ. ಬೇರೆ ಗುಂಪಿನವರ ಜೊತೆ ಸೇರುವಾಗ ಮಾಸ್ಕ್ ಬೇಕೇ ಬೇಕು. ಶಿಬಿರಕ್ಕೆ ಬಂದ ಮೇಲೆ ಮೂವರಲ್ಲಿ ಸೋಂಕು ಕಂಡಿತು, ಅವರನ್ನು ಕೂಡಲೇ ಪ್ರತ್ಯೇಕಿಸಿದರು. ಅವರಿಂದ ಮತ್ತೊಬ್ಬರಿಗೆ ಹರಡಲಿಲ್ಲ.

ಇದೆಲ್ಲ ಮಾಸ್ಕಿನ ಮಹಿಮೆ ಎಂದು ನಾನು ಹೇಳಲಾರೆ. ಮೇನ್‌ನಲ್ಲಿ ಆಗ ರೋಗವೇ ಕಡಿಮೆಯಿತ್ತು. ಪರೀಕ್ಷೆ, ಗುಂಪು, ಮಾಸ್ಕ್ ಮೂರೂ ಒಟ್ಟಿಗಿದ್ದುದರಿಂದ ಯಾವುದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬಾರದು. ನನಗೆ ಹಿಡಿಸಿದ್ದು ಆ ನಿಯಮದ ಜಾಣ್ಮೆ. ಎಂಟು ವರ್ಷದ ಹುಡುಗ ಇಡೀ ದಿನ ಮೂಗು ಮುಚ್ಚಿಕೊಂಡಿರಲಾರ. ಗೆಳೆಯನ ಮಾಸ್ಕಿನ ಜೊತೆ ಬದಲಾಯಿಸಿಕೊಂಡು ಬರುವವನೂ ಅವನೇ! ಆದರೆ 'ಊಟದ ಮನೆಗೆ ಹೋಗುವಾಗ ಹಾಕಿಕೋ, ನಿನ್ನ ಕೋಣೆಗೆ ಬಂದು ತೆಗೆ' ಎಂದರೆ ಅವನಿಗೆ ಅರ್ಥವಾಗುತ್ತದೆ.

2021ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇನ್ನೊಂದು ತುದಿಗೆ ಹೋಯಿತು. ಶಿಬಿರಗಳಲ್ಲಿ ಊಟ, ಈಜು ಮುಂತಾದ ಹೊತ್ತು ಬಿಟ್ಟು ಉಳಿದಂತೆ ಎಲ್ಲರೂ, ಬಯಲಿನಲ್ಲಿದ್ದಾಗಲೂ, ಮಾಸ್ಕ್ ಧರಿಸಬೇಕೆಂದು ಏಪ್ರಿಲ್‌ನಲ್ಲಿ ಸಲಹೆ ಕೊಟ್ಟಿತು. ಸುಡುಬಿಸಿಲಿನಲ್ಲಿ ಓಡುವ ಮಗುವಿಗೆ ಇದೆಂಥ ಶಿಕ್ಷೆ ಎಂದು ವೈದ್ಯರೇ ಆಕ್ಷೇಪಿಸಿದರು. ಮೇ ಕೊನೆಯಲ್ಲಿ ನಿಯಮ ಸಡಿಲವಾಯಿತು. ಅಷ್ಟರಲ್ಲಿ ಅಲ್ಲಿ ಹನ್ನೆರಡು ದಾಟಿದವರಿಗೆ ಲಸಿಕೆಯೂ ಬಂದಿತ್ತು.

ನಮ್ಮ ದೇಶದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಜೂನ್‌ನಲ್ಲಿ ವಯಸ್ಸಿಗೆ ತಕ್ಕ ನಿಯಮ ಹೇಳಿತ್ತು: ಐದು ವರ್ಷದವರೆಗೆ ಮಾಸ್ಕ್ ಬೇಡ, ಆರರಿಂದ ಹನ್ನೊಂದರವರೆಗೆ, ಮಗು ಸರಿಯಾಗಿ ಬಳಸಬಲ್ಲುದಾದರೆ, ಹಿರಿಯರ ಕಣ್ಣಳತೆಯಲ್ಲಿ, ಹನ್ನೆರಡರ ಮೇಲೆ ದೊಡ್ಡವರಂತೆ.

ಆ ದಿನಗಳು ಕಳೆದವು. ಆದರೂ ಫ್ಲೂ, ನೆಗಡಿ ಪ್ರತಿ ವರ್ಷವೂ ಇವೆ. ಮಗನನ್ನೋ ಮಗಳನ್ನೋ ವಸತಿ ಶಿಬಿರಕ್ಕೆ ಸೇರಿಸುವ ತಾಯಿತಂದೆಯರು ಊಟದ ಪಟ್ಟಿ ಕೇಳುತ್ತಾರೆ, ಈಜು ಕಲಿಸುವಿರಾ ಎಂದು ಕೇಳುತ್ತಾರೆ. ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು ಮಲಗುತ್ತಾರೆ, ರಾತ್ರಿ ಕಿಟಕಿ ತೆರೆದಿಡುತ್ತೀರಾ, ಜ್ವರ ಬಂದ ಮಗುವನ್ನು ಎಲ್ಲಿ ಮಲಗಿಸುತ್ತೀರಿ ಎಂದೂ ಕೇಳಿ ನೋಡಿ. ಕಿಟಕಿ ತೆರೆದರೆ ಸೊಳ್ಳೆ ಬರುತ್ತದೆ ಎಂದು ಅವರು ಹೇಳಿದರೆ, ಪೆಟ್ಟಿಗೆಯಲ್ಲಿ ಬಟ್ಟೆಯ ಜೊತೆ ಒಂದು ಸೊಳ್ಳೆಪರದೆಯನ್ನೂ ಇಟ್ಟುಕೊಡಿ.