ಗುಂಡಿಗೆ ಬೆಲೆಯಿಲ್ಲದ ಆಟ

ಸಾಹಸ ಚಿತ್ರಗಳನ್ನು ಆಧರಿಸಿದ ವಿಡಿಯೊ ಗೇಮ್‌ಗಳ ಬಗ್ಗೆ ಒಂದು ಹಳೆಯ ದೂರಿದೆ: ಅವು ಮೂಲಕ್ಕೆ ನಿಷ್ಠವಾಗಿರುವುದಿಲ್ಲ. ನಾಯಕನ ಕೈಯಲ್ಲಿ ಬೇರೆ ಬಂದೂಕು, ಚಿತ್ರದಲ್ಲಿ ಕಾಣದ ಸುರಂಗ, ಸತ್ತ ಪಾತ್ರಕ್ಕೆ ಮರುಜೀವ; ಅಭಿಮಾನಿಗಳು ಇಂತಹ ತಪ್ಪುಗಳ ಪಟ್ಟಿಯನ್ನೇ ಮಾಡುತ್ತಾರೆ. ಆದರೆ ಇವೆಲ್ಲ ಒಂದೇ ತೂಕದ ತಪ್ಪುಗಳಲ್ಲ. ಹೆಚ್ಚಿನವು ನಿರುಪದ್ರವಿ, ಒಂದು ಬಗೆಯವು ಮಾತ್ರ ನಮ್ಮ ಕಳವಳಕ್ಕೆ ಅರ್ಹವಾದವು.

ಮೊದಲು ನಿರುಪದ್ರವಿಯಾದುದನ್ನು ನೋಡೋಣ. ಜೇಮ್ಸ್ ಬಾಂಡ್ ಸರಣಿಯ ‘ಗೋಲ್ಡನ್ ಐ’ ಚಿತ್ರ ತೆರೆಕಂಡದ್ದು 1995ರಲ್ಲಿ. ಬ್ರಿಟನ್ನಿನ ರೇರ್ ಸಂಸ್ಥೆ ಅದರ ಆಟವನ್ನು ಹೊರತಂದದ್ದು 1997ರಲ್ಲಿ. ತಯಾರಕರು ಚಿತ್ರೀಕರಣದ ಸ್ಥಳಕ್ಕೇ ಹೋಗಿ, ಸೆಟ್ಟುಗಳ ಛಾಯಾಚಿತ್ರಗಳನ್ನೂ ನಕ್ಷೆಗಳನ್ನೂ ಬಳಸಿಕೊಂಡರು. ಹಾಗಿದ್ದೂ ಚಿತ್ರದಲ್ಲಿಲ್ಲದ ಕೊಠಡಿಗಳನ್ನು ಸೇರಿಸಿದರು. ಬೇರೆ ಬಾಂಡ್ ಚಿತ್ರಗಳ ಖಳರನ್ನೂ ಕರೆತಂದರು. ಇದನ್ನು ದ್ರೋಹವೆನ್ನಲಾಗದು. ನೋಡುವವನಿಗೆ ಕ್ಯಾಮೆರಾ ತೋರಿಸಿದಷ್ಟು ಸಾಕು. ಆಡುವವನು ಗೋಡೆಯ ಆಚೆಗೂ ನಡೆಯಬೇಕು. ಮುಖ್ಯವಾಗಿ, ರಾಸಾಯನಿಕ ಅಸ್ತ್ರಗಳ ಕಾರ್ಖಾನೆಯ ಹಂತದಲ್ಲಿ ವಿಜ್ಞಾನಿಗಳ ಪ್ರಾಣಹಾನಿ ಕನಿಷ್ಠವಾಗಿರಬೇಕೆಂಬುದನ್ನೂ ಅವರು ಒಂದು ಗುರಿಯಾಗಿಟ್ಟರು. ಅಲ್ಲಿ ಗುಂಡಿಗೊಂದು ಬೆಲೆ ಇತ್ತು.

ಇನ್ನು ಗಂಭೀರವಾದುದು. 1982ರ ‘ಫಸ್ಟ್ ಬ್ಲಡ್’ ಚಿತ್ರದ ನಾಯಕ ರ್‍ಯಾಂಬೊ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕ. ಸಣ್ಣ ಊರೊಂದರ ಪೊಲೀಸರ ಕಿರುಕುಳ ತಾಳಲಾರದೆ ಕಾಡು ಸೇರುತ್ತಾನೆ. ಡೇವಿಡ್ ಮೊರೆಲ್ ಅವರ 1972ರ ಮೂಲ ಕಾದಂಬರಿಯಲ್ಲಿ ಅವನು ಅನೇಕರನ್ನು ಕೊಲ್ಲುತ್ತಾನೆ, ಕೊನೆಗೆ ತಾನೂ ಸಾಯುತ್ತಾನೆ. ಚಿತ್ರ ಅದನ್ನು ಬದಲಿಸಿತು. ಬೆನ್ನಟ್ಟಿದವರನ್ನು ಅವನು ಗಾಯಗೊಳಿಸುತ್ತಾನೆ, ಹೆದರಿಸುತ್ತಾನೆ. ಸಾಯುವವನು ಒಬ್ಬನೇ, ಅವನೂ ಹೆಲಿಕಾಪ್ಟರಿನಿಂದ ಉರುಳಿಬಿದ್ದ ಪೊಲೀಸ್. ಕೊನೆಯಲ್ಲಿ ನಾಯಕ ತನ್ನ ಹಳೆಯ ಅಧಿಕಾರಿಯ ಎದುರು ಮಗುವಿನಂತೆ ಅತ್ತು ಶರಣಾಗುತ್ತಾನೆ. ಕೊಲ್ಲಬಲ್ಲವನು ಕೊಲ್ಲದಿರುವುದೇ ಆ ಚಿತ್ರದ ಜೀವಾಳ.

2014ರಲ್ಲಿ ಬಂದ ರ್‍ಯಾಂಬೊ ಆಟದಲ್ಲಿ ಇದೇ ಕಥಾಭಾಗವೂ ಇದೆ. ಪೊಲೀಸರನ್ನು ಕೊಲ್ಲದೆ ನಿಶ್ಶಸ್ತ್ರಗೊಳಿಸುವ ಅವಕಾಶವನ್ನು ಅದು ಕೊಡುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಕೊಲ್ಲುವ ದಾರಿಯೂ ತೆರೆದೇ ಇದೆ. ಚಿತ್ರದಲ್ಲಿ ನೈತಿಕ ನಿರ್ಧಾರವಾಗಿದ್ದುದು ಇಲ್ಲಿ ಗುರಿ ಇಡುವ ಕೌಶಲವಾಗಿ ಇಳಿದಿದೆ.

ಇಂತಹುದೇ ಇನ್ನೊಂದು ಉದಾಹರಣೆ ‘ಸ್ಕಾರ್‌ಫೇಸ್’. 1983ರ ಆ ಚಿತ್ರದಲ್ಲಿ ಮಾದಕವಸ್ತು ದಂಧೆಯ ದೊರೆ ಟೋನಿ ಮೊಂಟಾನಾ ತನ್ನ ಅರಮನೆಯಲ್ಲೇ ಹೆಣವಾಗುತ್ತಾನೆ. 2006ರ ಆಟ ಆರಂಭವಾಗುವುದೇ ಅವನು ಸಾಯಲಿಲ್ಲ ಎಂಬ ಕಲ್ಪನೆಯಿಂದ. ಕಳೆದುಕೊಂಡ ಸಾಮ್ರಾಜ್ಯವನ್ನು ಮರಳಿ ಕಟ್ಟುವುದು ಆಟಗಾರನ ಕೆಲಸ. ಅವನತಿಯ ಕಥೆ ಏಳಿಗೆಯ ಕಥೆಯಾಯಿತು. ನಮ್ಮ ದೇಶದಲ್ಲೂ 2008ರ ಹಿಂದಿ ‘ಗಜನಿ’ ಚಿತ್ರ ಆಟವಾಯಿತು. ಚಿತ್ರದ ನಾಯಕನಿಗೆ ಹದಿನೈದು ನಿಮಿಷಕ್ಕೊಮ್ಮೆ ನೆನಪು ಅಳಿಸಿಹೋಗುತ್ತದೆ. ಆಟಗಾರ ಗೆಲ್ಲಬೇಕಾದರೆ ಎಲ್ಲವನ್ನೂ ನೆನಪಿಟ್ಟುಕೊಳ್ಳಬೇಕು. ನಾಯಕನ ಸೇಡು ಉಳಿಯಿತು, ಸಂಕಟ ಉಳಿಯಲಿಲ್ಲ.

ಹೀಗೇಕಾಗುತ್ತದೆ? ಅರ್ಥಶಾಸ್ತ್ರ ಓದಿದವನಿಗೆ ಇದರ ಉತ್ತರ ದುರುದ್ದೇಶದಲ್ಲಲ್ಲ, ಲೆಕ್ಕಾಚಾರದಲ್ಲಿ ಸಿಗುತ್ತದೆ. ಎರಡು ಗಂಟೆಯ ಕಥೆಯನ್ನು ಹಲವು ಗಂಟೆಗಳ ಆಟವಾಗಿ ಹಿಗ್ಗಿಸಬೇಕು. ಶತ್ರುವೊಬ್ಬನನ್ನು ಒಮ್ಮೆ ರಚಿಸಿದ ಮೇಲೆ ನೂರನೆಯವನಿಗೆ ತಗಲುವ ವೆಚ್ಚ ಶೂನ್ಯಕ್ಕೆ ಸಮೀಪ. ಸಂಭಾಷಣೆ, ಸಂದಿಗ್ಧ, ಪಶ್ಚಾತ್ತಾಪಗಳು ಅಷ್ಟು ಅಗ್ಗವಲ್ಲ. ಹಕ್ಕುಗಳಿಗೆ ಕೊಟ್ಟ ಹಣ ಬೇಗ ಹಿಂದಿರುಗಬೇಕಾದ್ದರಿಂದ ಕಾಲಾವಕಾಶವೂ ಕಡಿಮೆ. ಸಾಹಸ ಚಿತ್ರವಲ್ಲದಿದ್ದರೂ ‘ಇ.ಟಿ.’ಯ ಕಥೆ ಇಲ್ಲಿ ಪ್ರಸ್ತುತ. 1982ರ ಕ್ರಿಸ್‌ಮಸ್ ಮಾರಾಟಕ್ಕೆ ಸಿದ್ಧವಾಗಬೇಕೆಂದು ಅಟಾರಿ ಸಂಸ್ಥೆ ಆ ಆಟವನ್ನು ಸುಮಾರು ಐದು ವಾರಗಳಲ್ಲಿ ಮಾಡಿಸಿತು. ಮಾರಾಟವಾಗದ ಪ್ರತಿಗಳು ಮರುವರ್ಷ ನ್ಯೂ ಮೆಕ್ಸಿಕೊದ ಕಸದ ಗುಂಡಿ ಸೇರಿದವು. 2014ರಲ್ಲಿ ಅಗೆದಾಗ ಕೆಲವು ಹೊರಬಂದವು. ಚಿತ್ರ ಬಂದು ಎರಡು ವರ್ಷದ ಮೇಲೆ ಬಂದ ‘ಗೋಲ್ಡನ್ ಐ’ ಗೆದ್ದದ್ದಕ್ಕೂ ಈ ಸೋಲಿಗೂ ನಡುವಿನ ಅಂತರ ಬಹುಮಟ್ಟಿಗೆ ಸಮಯದ್ದು.

ಆಟ ಆಟವಷ್ಟೇ, ಚದುರಂಗದಲ್ಲೂ ಕಾಲಾಳುಗಳು ಸಾಯುವುದಿಲ್ಲವೇ ಎಂದು ಕೇಳಬಹುದು. ಚದುರಂಗ ಯಾರ ಬದುಕಿನ ಕಥೆಯನ್ನೂ ಹೇಳುತ್ತೇನೆಂದು ಹೊರಡುವುದಿಲ್ಲ. ಇಂತಹ ಆಟಗಳಿಂದ ಹುಡುಗರು ಹಿಂಸಾವಾದಿಗಳಾಗುತ್ತಾರೆಂದು ನಾನು ಹೇಳುತ್ತಿಲ್ಲ. ನನ್ನ ಆತಂಕ ಬೇರೆ: ಒಂದು ಕಥೆಯನ್ನು ಮೊದಲು ಆಟವಾಗಿಯೇ ಅರಿಯುವ ತಲೆಮಾರಿಗೆ ಆ ಕಥೆಯ ತಿರುಳು ಸಿಗುವುದೇ ಇಲ್ಲ. ಯುದ್ಧದಿಂದ ಮುರಿದು ಬಂದ ಸೈನಿಕನ ಅಳಲು ಅವರಿಗೆ ಕೇಳಿಸದೇ ಹೋಗುತ್ತದೆ.

ದಶಕಗಳ ಕಾಲ ಕಡತಗಳ ನಡುವೆ ಕಳೆದ ನನಗೆ ನಿಷೇಧದ ಮೇಲೆ ನಂಬಿಕೆಯಿಲ್ಲ. ಅಮೆರಿಕದಲ್ಲಿ 1994ರಿಂದ, ಯೂರೋಪಿನಲ್ಲಿ 2003ರಿಂದ ಆಟಗಳಿಗೆ ವಯೋಮಿತಿಯ ಗುರುತು ಹಾಕುವ ಪದ್ಧತಿಯಿದೆ. ಅದು ಉಪಯುಕ್ತವೇ. ಆದರೆ ಅದು ರಕ್ತದ ಪ್ರಮಾಣವನ್ನು ಅಳೆಯುತ್ತದೆಯೇ ಹೊರತು ಅರ್ಥದ ನಷ್ಟವನ್ನಲ್ಲ. ಆ ಅಳತೆಯನ್ನು ನಾವೇ ಮಾಡಬೇಕು. ಹಕ್ಕು ಮಾರುವ ನಿರ್ಮಾಪಕರು ಕಥೆಯ ಆಶಯಕ್ಕೆ ಧಕ್ಕೆಯಾಗದಂತೆ ಕರಾರಿನಲ್ಲಿ ಷರತ್ತು ಹಾಕಬೇಕು, ಸಾಕಷ್ಟು ಸಮಯವನ್ನೂ ಕೊಡಬೇಕು. ಪತ್ರಿಕೆಗಳು ಚಿತ್ರ ವಿಮರ್ಶೆಯಷ್ಟೇ ಗಂಭೀರವಾಗಿ ಆಟಗಳ ವಿಮರ್ಶೆಯನ್ನೂ ಪ್ರಕಟಿಸಬೇಕು. ಮಕ್ಕಳು ಆಡಿ ಮುಗಿಸಿದ ಆಟದ ಮೂಲ ಚಿತ್ರವನ್ನು, ಅದಕ್ಕೆ ತಕ್ಕ ವಯಸ್ಸಾದ ಮೇಲೆ, ಹಿರಿಯರು ಅವರೊಡನೆ ಕುಳಿತು ನೋಡಬೇಕು. ಬಂದೂಕಿನ ಮಾದರಿ ತಪ್ಪಿದರೆ ತಪ್ಪಲಿ. ಅದನ್ನು ಎತ್ತಿದವನು ತೆರುವ ಬೆಲೆ ಮಾತ್ರ ಕಥೆಯಿಂದ ಕಾಣೆಯಾಗಬಾರದು.