‘ಹ್ಯಾಪಿ’ ಯಾರಿಗೆ?

ಜುಲೈ 26ರ ಬೆಳಿಗ್ಗೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ‘ಹ್ಯಾಪಿ ಕಾರ್ಗಿಲ್ ವಿಜಯ್ ದಿವಸ್’ ಅಂತ ಚಿತ್ರ ಬಂತು. ಕೆಳಗೆ ಸಾಲುಸಾಲು ಬಲೂನು, ಪಟಾಕಿ. ಸಂಜೆ ತಲಾ 150 ರೂಪಾಯಿ ಚಂದಾ ಎತ್ತಿ ತ್ರಿವರ್ಣದ ಕೇಕು. ಸುಳ್ಳು ಹೇಳುವುದಿಲ್ಲ, ನಾನೂ ಒಂದು ತುಂಡು ತಿಂದೆ. ಹಸಿರು ಭಾಗ ನನ್ನ ಪಾಲಿಗೆ ಬಂತು.

1999ರ ಆ ಯುದ್ಧದಲ್ಲಿ ನಮ್ಮ ಸೈನಿಕರು 527 ಮಂದಿ ಸತ್ತರು. ಗೆದ್ದದ್ದಕ್ಕೆ ಹೆಮ್ಮೆ ಪಡೋಣ, ಬೇಡ ಅಂದವರು ಯಾರು? ಆದರೆ ತಿಥಿಯ ಮನೆಗೆ ಹೋಗಿ ಯಾರಾದರೂ ‘ಹ್ಯಾಪಿ’ ಅನ್ನುತ್ತಾರೆಯೇ?

ಇಷ್ಟು ಹೇಳಿದ್ದಕ್ಕೆ ಒಬ್ಬ ಸಹೋದ್ಯೋಗಿ ನನ್ನ ದೇಶಭಕ್ತಿಯನ್ನೇ ಅನುಮಾನಿಸಿದ. ಇನ್ನೊಬ್ಬ, ಬಹಳ ಓದಿಕೊಂಡವನು, ‘ಇದೆಲ್ಲ ಯುದ್ಧದ ವೈಭವೀಕರಣ, ಆಚರಣೆಯೇ ಬೇಡ’ ಅಂದ. ನನಗೆ ಇಬ್ಬರ ಮೇಲೂ ತಕರಾರಿದೆ, ಎರಡನೆಯವನ ಮೇಲೆ ತುಸು ಹೆಚ್ಚು. ಯುದ್ಧ ಬೇಡ ಅನ್ನುವವನೇ ಅಲ್ಲವೇ ಸತ್ತವರ ಹೆಸರನ್ನು ಮೊದಲು ಓದಬೇಕಾದವನು?

ಹನುಮಂತಪ್ಪ ಕೊಪ್ಪದ ನೆನಪಿದ್ದಾರಾ? ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಗುಂಡು ಹಾರಿರಲಿಲ್ಲ, ಶತ್ರು ಬಂದಿರಲಿಲ್ಲ. ಆರು ದಿನದ ನಂತರ ಜೀವಂತ ಸಿಕ್ಕವರು ಇವರೊಬ್ಬರೇ. ಫೆಬ್ರವರಿ 11ರಂದು ಇದೇ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ನಾನೂ ಈ ಊರಿನಲ್ಲೇ ಇದ್ದೆ. ಫೇಸ್‌ಬುಕ್‌ನಲ್ಲಿ ನನ್ನ ಫೋಟೊ ತೆಗೆದು ಅವರದು ಹಾಕಿದೆ. ಮರುವರ್ಷ ಫೆಬ್ರವರಿ 11 ಬಂದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ನಮ್ಮ ಕನ್ನಡ ಸಂಘದ ಕಥೆಯೂ ಅಷ್ಟೇ. ಭಾಷಣದಲ್ಲಿ ‘ನಮ್ಮ ಕೊಡಗಿನ ಕಾರ್ಯಪ್ಪ’ ಬಂದೇ ಬರುತ್ತಾರೆ. ಅವರು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಸೇನೆಯ ಹೊಣೆ ವಹಿಸಿಕೊಂಡದ್ದು 1949ರ ಜನವರಿ 15ರಂದು, ಸೇನಾ ದಿನ ಅದೇ ಅನ್ನುವುದು ಮಾತ್ರ ಎಳ್ಳುಬೆಲ್ಲದ ಗದ್ದಲದಲ್ಲಿ ಯಾರಿಗೂ ನೆನಪಾಗುವುದಿಲ್ಲ.

ರಜೆಯಿಲ್ಲದ, ಕೇಕಿಲ್ಲದ ದಿನವೊಂದಿದೆ: ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದಿದೆ. ಶಾಲೆಯಲ್ಲಿ ಕೆಂಪು, ಕಡುನೀಲಿ, ತಿಳಿನೀಲಿಯ ಪುಟ್ಟ ಬಾವುಟವನ್ನು ಗುಂಡುಸೂಜಿಯಿಂದ ಅಂಗಿಗೆ ಚುಚ್ಚಿಕೊಂಡವರು ನಿಮ್ಮಲ್ಲೂ ಇರಬಹುದು. ಡಬ್ಬಿಗೆ ಹಾಕಿದ ಚಿಲ್ಲರೆ ಹೋಗುವುದು ಸೈನಿಕರ ವಿಧವೆಯರಿಗೆ, ಅಂಗವಿಕಲರಾದ ಯೋಧರಿಗೆ, ಮಾಜಿ ಸೈನಿಕರ ಕುಟುಂಬಗಳಿಗೆ. ಈಗ ಡಬ್ಬಿಗೂ ಕಾಯಬೇಕಿಲ್ಲ, ಫೋನಿನಿಂದಲೇ ಕಳಿಸಬಹುದು. ಸಂಬಳ ಲಕ್ಷ ದಾಟಿದ ನಮಗೆ ಆ ಬಾವುಟ ಮರೆತುಹೋಯಿತು.

ಇಂಡಿಯಾ ಗೇಟ್ ಬಳಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ ಕಲ್ಲುಕಲ್ಲಿಗೂ ಒಂದೊಂದು ಹೆಸರಿದೆ. ಸಂಜೆ ಹುತಾತ್ಮರ ಮನೆಯವರೊಬ್ಬರು ಬಂದು ಹೂಗುಚ್ಛ ಇಡುತ್ತಾರೆ. ಕಳೆದ ಭಾನುವಾರ ಆ ಹೊತ್ತಿಗೆ ನನ್ನ ಪಕ್ಕದವನು ವಿಡಿಯೋ ಕಾಲ್‌ನಲ್ಲಿ ಯಾರಿಗೋ ಊಟಕ್ಕೆ ಏನು ತರಿಸುವುದು ಅಂತ ಕೇಳುತ್ತಿದ್ದ.

ಮುಂದಿನ ಕೇಕಿನ ಚಂದಾವನ್ನು ಧ್ವಜ ನಿಧಿಗೆ ಕಳಿಸೋಣ ಅಂತ ಆಫೀಸಿನ ಗುಂಪಿನಲ್ಲಿ ಬರೆದಿದ್ದೇನೆ. ನಲವತ್ತು ಜನರಿದ್ದೇವೆ. ಸದ್ಯಕ್ಕೆ ಒಂದು ಹೆಬ್ಬೆರಳು ಬಂದಿದೆ.