ನಾಲ್ಕು ಬಾಹು ಸಮ ಬಂದರೆ ವರ್ಗವೇ?

ಪ್ರಥಮ ಪಿಯುಸಿಯಲ್ಲಿ ಸರಳ ರೇಖೆಗಳ ಅಧ್ಯಾಯ ಶುರುವಾದ ಕೂಡಲೇ ನಮ್ಮ ಜೂನಿಯರ್‌ಗಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಕಾಣಿಸುತ್ತದೆ. ಬಾಹುಗಳು ಸಮವಾದರೆ ಇದು, ಕರ್ಣಗಳು ಸಮವಾದರೆ ಅದು. ಎಸ್ಸೆಸ್ಸೆಲ್ಸಿ ಕಾಲದಿಂದ ಕೈಯಿಂದ ಕೈಗೆ ಬಂದ ಪಟ್ಟಿ. ಅದನ್ನು ಹರಿದು ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಕಾರಣ ಹೇಳುತ್ತೇನೆ. (0, 0), (5, 0), (8, 4), (3, 4) ಈ ಬಿಂದುಗಳನ್ನು ತೆಗೆದುಕೊಳ್ಳಿ. ದೂರ ಸೂತ್ರ ಹಾಕಿದರೆ ನಾಲ್ಕೂ ಬಾಹು 5 ಬರುತ್ತದೆ. ತಕ್ಷಣ 'ಆದ್ದರಿಂದ ವರ್ಗ' ಎಂದು ಬರೆದು ಪುಟ ಮಗುಚುವವರು ಎಷ್ಟು ಮಂದಿ! ಕರ್ಣಗಳನ್ನು ಅಳೆದು ನೋಡಿ: ಒಂದು √80, ಇನ್ನೊಂದು √20. ಅದು ವಜ್ರಾಕೃತಿ, ವರ್ಗವಲ್ಲ. ಇನ್ನು (0, 0), (6, 0), (4, 3), (2, 3). ಇಲ್ಲಿ ಎರಡು ಕರ್ಣವೂ 5. ಪಟ್ಟಿ 'ಆಯತ' ಎನ್ನುತ್ತದೆ. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ತ್ರಾಪಿಜ್ಯ ನಗುತ್ತಾ ಕೂತಿರುತ್ತದೆ.

ಹತ್ತನೇ ತರಗತಿ ಪುಸ್ತಕದಲ್ಲೇ ಇದಕ್ಕಿಂತ ಚೆನ್ನಾದ ಬಲೆಯೊಂದಿದೆ: (-3, 5), (3, 1), (0, 3), (-1, -4). ನಾಲ್ಕು ಬಾಹುಗಳೂ ಬೇರೆ ಬೇರೆ ಬರುತ್ತವೆ, ಹಾಗಾಗಿ 'ಸಾಮಾನ್ಯ ಚತುರ್ಭುಜ' ಎಂದು ಬರೆಯುವ ಆಸೆಯಾಗುತ್ತದೆ. ಆದರೆ (0, 3) ಎಂಬುದು ಮೊದಲೆರಡು ಬಿಂದುಗಳ ಮಧ್ಯಬಿಂದು. ಮೂರು ಬಿಂದುಗಳು ಒಂದೇ ಗೆರೆಯ ಮೇಲೆ, ಚತುರ್ಭುಜವೇ ಇಲ್ಲ. ಚಿತ್ರ ಬರೆಯದೆ ಲೆಕ್ಕ ಮಾಡುವವರಿಗೆ ಈ ಪ್ರಶ್ನೆ ಇಟ್ಟವರು ಬುದ್ಧಿವಂತರು.

ಪಟ್ಟಿಯ ಬದಲು ಏನು? ಮೊದಲು ಕರ್ಣಗಳ ಮಧ್ಯಬಿಂದು ನೋಡಿ. ಎರಡೂ ಒಂದೇ ಆದರೆ ಸಮಾಂತರ ಚತುರ್ಭುಜ. ಆಮೇಲೆ ಕರ್ಣಗಳು ಸಮವಾದರೆ ಆಯತ, ಲಂಬವಾದರೆ ವಜ್ರಾಕೃತಿ, ಎರಡೂ ಆದರೆ ವರ್ಗ. ಬಿಂದುಗಳನ್ನು ಸುತ್ತಿನ ಕ್ರಮದಲ್ಲೇ ತೆಗೆದುಕೊಂಡಿರಬೇಕು, ಅಷ್ಟೇ. ತರಗತಿಯಲ್ಲಿ ನಾಲ್ವರು ಗೆಳೆಯರು ಕೂತ ಲೆಕ್ಕ ನೆನಪಿರಬಹುದು: (3, 4), (6, 7), (9, 4), (6, 1). ಎರಡೂ ಕರ್ಣಗಳ ಮಧ್ಯಬಿಂದು (6, 4), ಉದ್ದ 6, ಒಂದು ಅಡ್ಡ, ಒಂದು ನೇರ. ಮೂರು ಸಾಲಿಗೆ ವರ್ಗ. ಇಲ್ಲಿ 'ಸ್ಲೋಪ್‌ಗಳ ಗುಣಲಬ್ಧ -1' ಎಂಬ ಸೂತ್ರ ಹಿಡಿದವರು ಸಿಕ್ಕಿಬೀಳುತ್ತಾರೆ, ಏಕೆಂದರೆ ನೇರ ನಿಂತ ಗೆರೆಗೆ ಸ್ಲೋಪೇ ಇಲ್ಲ.

ಸಿಇಟಿಗೆ ಇದೆಲ್ಲ ಎಲ್ಲಿ ಸಮಯ ಎಂದು ನನ್ನ ಕ್ಲಾಸ್‌ಮೇಟ್‌ಗಳು ಕೇಳುತ್ತಾರೆ. 80 ನಿಮಿಷಕ್ಕೆ 60 ಪ್ರಶ್ನೆ, ಒಪ್ಪಿದೆ. ಅಲ್ಲಿ ಉತ್ತರ ಗುರುತಿಸಿದರೆ ಸಾಕು, ಬೇಗ ಮುಗಿಯುವ ದಾರಿಯೂ ಇದೇ. ಆದರೆ 'ಸಾಧಿಸಿ' ಎಂದು ಕೇಳಿದಾಗ ಸಂಖ್ಯೆಗಳನ್ನು ಸುರಿದು ಕೊನೆಗೆ ಹೆಸರು ಅಂಟಿಸುವುದು ಸಾಧನೆಯಲ್ಲ. ಸಾಕ್ಷಿ ಅರ್ಧ ಇಟ್ಟುಕೊಂಡು ತೀರ್ಪು ಪೂರ್ತಿ ಕೊಟ್ಟಂತೆ.

ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಕನ್ನಡ ಮಾಧ್ಯಮದಿಂದ ವಿಜ್ಞಾನ ವಿಭಾಗಕ್ಕೆ ಬಂದ ತಂಗಿಯರಲ್ಲಿ ಕೆಲವರು ಮೊದಲ ಟೆಸ್ಟ್ ಆದ ಮೇಲೆ ಕಾಮರ್ಸ್‌ಗೆ ಬದಲಾಯಿಸುವ ಮಾತಾಡುತ್ತಾರೆ. ಲೈಬ್ರರಿಯಲ್ಲಿ ಜೊತೆಗೆ ಕೂತು ನೋಡಿದಾಗ ನನಗೆ ಕಂಡದ್ದು: ಲೆಕ್ಕ ಅವರಿಗೆ ಬರುತ್ತದೆ. 'ಏಕೆಂದರೆ' ಎಂಬ ಒಂದು ವಾಕ್ಯ ಇಂಗ್ಲಿಷಿನಲ್ಲಿ ಬರುವುದಿಲ್ಲ. ಹಾಗಾಗಿ ಅದನ್ನೇ ಬಿಟ್ಟುಬಿಡುತ್ತಾರೆ, ಅಂಕ ಹೋಗುತ್ತದೆ, 'ನನಗೆ ಮ್ಯಾಥ್ಸ್ ಆಗಲ್ಲ' ಎಂದು ತೀರ್ಮಾನಿಸುತ್ತಾರೆ. 'ಕರ್ಣಗಳು ಪರಸ್ಪರ ಅರ್ಧಿಸುತ್ತವೆ, ಆದ್ದರಿಂದ ಸಮಾಂತರ ಚತುರ್ಭುಜ' ಎಂದು ಕನ್ನಡದಲ್ಲಿ ಬಾಯಲ್ಲಿ ಹೇಳಲು ಅವರಿಗೆ ಅರೆಕ್ಷಣ ಸಾಕು.

ಗಣಿತ ವಿಭಾಗದ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಕಾಲೇಜಿನ ಯೂನಿಟ್ ಟೆಸ್ಟ್‌ಗಳಲ್ಲಾದರೂ ಕಾರಣದ ವಾಕ್ಯಕ್ಕೆ ಪ್ರತ್ಯೇಕ ಒಂದು ಅಂಕ ಇಡಿ, ಅದನ್ನು ಕನ್ನಡದಲ್ಲಿ ಬರೆದರೂ ಕೊಡಿ. ಬೋರ್ಡ್ ಪರೀಕ್ಷೆಯ ಹೊತ್ತಿಗೆ ಆ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿಕೊಡುವ ಕೆಲಸ ನಾವು ಸೀನಿಯರ್‌ಗಳು ಮಾಡುತ್ತೇವೆ. ಶನಿವಾರ ಕ್ಲಾಸ್ ಬಿಟ್ಟ ಮೇಲೆ ಲೈಬ್ರರಿಯ ಕಿಟಕಿ ಪಕ್ಕದ ಮೇಜಿನಲ್ಲಿ ಇರುತ್ತೇನೆ, ಗ್ರಾಫ್ ಹಾಳೆ ತನ್ನಿ.